ರಜೆಗೆ ಬಂದವರೆಲ್ಲ ಕೂಸನ್ನು ಎತ್ತಿಕೊಳ್ಳಲೇಬೇಕಾ?

ಡಿಸೆಂಬರ್ ಕೊನೆ ವಾರ ಬಂತು ಅಂದರೆ ಊರಿಗೆ ಹೋಗುವ ಬಸ್ಸು, ರೈಲು ಎಲ್ಲ ಭರ್ತಿ. ಕ್ರಿಸ್‌ಮಸ್ ರಜೆ, ಹೊಸ ವರ್ಷ, ಅದರ ಬೆನ್ನಿಗೇ ಸಂಕ್ರಾಂತಿ. ಮನೆಯಲ್ಲಿ ಕೈಗೂಸು ಇದ್ದರಂತೂ ನೋಡಲು ಬರುವವರಿಗೆ ಕೊನೆಯೇ ಇಲ್ಲ. ಚಪ್ಪಲಿ ಬಿಡುತ್ತಲೇ ಕೇಳುತ್ತಾರೆ, "ಎಲ್ಲಿ ಕೂಸು? ಕೊಡಿ ಇಲ್ಲಿ."

ನನ್ನ ತಂಗಿ ಈ ಸಲ ಮೂರು ತಿಂಗಳೂ ತುಂಬದ ಮಗುವನ್ನು ಕರೆದುಕೊಂಡು ಗಂಡನ ಊರಿಗೆ, ಚಿಕ್ಕಮಗಳೂರಿನ ಕಡೆಗೆ ಹೊರಟಿದ್ದಾಳೆ. ಅವಳಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅವಳಿಗಿಂತ ಅವಳ ಸುತ್ತ ಇರುವವರು ಇದನ್ನು ಓದಬೇಕು.

ಮಗುವಿಗೆ ನೆಗಡಿ ಆದರೆ ಎಲ್ಲರೂ ಬೈಯುವುದು ಚಳಿಗಾಳಿಯನ್ನು, ಇಲ್ಲವೇ ತಾಯಿಯನ್ನು. "ನೀನು ತಲೆಸ್ನಾನ ಮಾಡಿದೆ, ಮೊಸರು ತಿಂದೆ, ಅದಕ್ಕೇ." ಆದರೆ ನೆಗಡಿ ವೈರಸ್‌ನಿಂದ ಬರುತ್ತದೆ, ಆ ವೈರಸ್ ಇನ್ನೊಬ್ಬ ಮನುಷ್ಯನಿಂದ ಬರುತ್ತದೆ. ಚಳಿ ಅಂತ ಕಿಟಕಿ ಬಾಗಿಲು ಮುಚ್ಚಿ ಒಂದೇ ಕೋಣೆಯಲ್ಲಿ ಹತ್ತು ಜನ ಕೂತು ಹರಟೆ ಹೊಡೆಯುವಾಗ, ಅದರಲ್ಲಿ ಇಬ್ಬರಿಗೆ ಕೆಮ್ಮು ಇದ್ದು, ಮಗು ಅವರೆಲ್ಲರ ಮಡಿಲು ಸುತ್ತಿ ಬಂದರೆ ಇನ್ನೇನಾಗುತ್ತದೆ ಹೇಳಿ. ಆರ್‌ಎಸ್‌ವಿ ಅಂತ ಒಂದು ವೈರಸ್ ಇದೆ. ಗಟ್ಟಿಮುಟ್ಟಾದ ದೊಡ್ಡವರಿಗೆ ಬಂದರೆ ನಾಲ್ಕು ದಿನ ಮೂಗು ಸೋರುತ್ತದೆ, ಅಷ್ಟೇ. ಎಳೆಯ ಮಗುವಿಗೆ ಅದೇ ವೈರಸ್ ಶ್ವಾಸಕೋಶದ ಸಣ್ಣ ಸಣ್ಣ ನಾಳಗಳಿಗೆ ಇಳಿದು ಊತ ಬಂದು ಕಫ ಕಟ್ಟಿಕೊಂಡರೆ ಉಸಿರಾಡುವುದೇ ಕಷ್ಟ, ಇನ್ನು ಹಾಲು ಎಲ್ಲಿಂದ ಕುಡಿಯಬೇಕು? ಇದನ್ನೇ ಡಾಕ್ಟರುಗಳು ಬ್ರಾಂಕಿಯೊಲೈಟಿಸ್ ಅನ್ನುವುದು. "ಸ್ವಲ್ಪ ಶೀತ ಅಷ್ಟೇ, ಏನೂ ಆಗಲ್ಲ" ಅಂತ ಮಗುವಿನ ಕೆನ್ನೆಗೆ ಮುತ್ತು ಕೊಡುವವರು ಒಂದು ನಿಮಿಷ ಯೋಚಿಸಿ.

ಈಗ ಪ್ರಶ್ನೆ, "ಬೇಡ" ಅಂತ ಹೇಳುವವರು ಯಾರು? ಹೆತ್ತ ಹೆಣ್ಣುಮಗಳು ಹೇಳಿದರೆ ಮುಗೀತು, "ನಾವೇನು ಮಕ್ಕಳನ್ನು ಸಾಕಿಲ್ವಾ" ಅಂತ ವರ್ಷಪೂರ್ತಿ ಮಾತು. ನಿದ್ದೆ ಇಲ್ಲ, ಮೈ ಇನ್ನೂ ಸುಧಾರಿಸಿಲ್ಲ, ಅದರ ಮೇಲೆ ನೆಂಟರ ಮುನಿಸನ್ನೂ ಅವಳೇ ಹೊರಬೇಕಾ? ನನ್ನ ಪ್ರಕಾರ ಇದು ಮಗುವಿನ ಅಪ್ಪನ ಕೆಲಸ. ಅವನ ಚಿಕ್ಕಪ್ಪ, ಅವನ ಸೋದರತ್ತೆ, ಅವನೇ ಹೇಳಲಿ. ಮನೆಯ ಹಿರಿಯರು ಹೇಳಿದರಂತೂ ಇನ್ನೂ ಒಳ್ಳೆಯದು. ನಮ್ಮ ಅತ್ತೆಯನ್ನು ನಾನು ಈ ವಿಷಯಕ್ಕೆ ಯಾವತ್ತೂ ನೆನೆಯುತ್ತೇನೆ. ಬಂದವರಿಗೆ, "ಕೈಕಾಲು ತೊಳ್ಕೊಂಡು ಬನ್ನಿ, ಸೋಪು ಅಲ್ಲೇ ಇದೆ, ಅಷ್ಟರಲ್ಲಿ ಕಾಫಿ ಮಾಡ್ತೀನಿ" ಅನ್ನುತ್ತಿದ್ದರು. ಕೆಮ್ಮು ಇದ್ದವರಿಗೆ ಬಾಗಿಲ ಹತ್ತಿರದಿಂದಲೇ ಮಗುವಿನ ಮುಖ ತೋರಿಸುತ್ತಿದ್ದರು. ಯಾರೂ ಮುನಿಸಿಕೊಳ್ಳಲಿಲ್ಲ. ಹೊರಗಿನಿಂದ ಬಂದವರು ಕೈಕಾಲು ತೊಳೆದೇ ಒಳಗೆ ಬರಬೇಕು ಅನ್ನುವುದು ನಮ್ಮ ಹಳ್ಳಿಮನೆಗಳಲ್ಲಿ ಮೊದಲಿಂದಲೂ ಇತ್ತು, ಅಲ್ವಾ? ತಾಯಿಗೇ ನೆಗಡಿ ಆದರೆ ಮಾತ್ರ ಹಾಲು ಬಿಡಿಸಬೇಡಿ. ಮಾಸ್ಕ್ ಹಾಕಿಕೊಂಡು, ಕೈ ತೊಳೆದು ಕುಡಿಸಲಿ. ರೋಗದ ವಿರುದ್ಧ ಹೋರಾಡುವ ಶಕ್ತಿ ಆ ಹಾಲಿನಲ್ಲೇ ಇರುತ್ತದೆ.

ಇನ್ನು ಬಟ್ಟೆ. ಕುಲಾವಿ, ಎರಡು ಸ್ವೆಟರ್, ಕೈಗವಸು, ಕಾಲುಚೀಲ, ಮೇಲೆ ಕೌದಿ. ಮಗು ಅಳುತ್ತದೆ, ಚಳಿ ಇರಬೇಕು ಅಂತ ಇನ್ನೊಂದು ಹೊದಿಕೆ. ಪಾಪ, ಅದು ಸೆಕೆಗೆ ಅಳುತ್ತಿರುತ್ತದೆ! ಕೈಕಾಲು ಮುಟ್ಟಿ ನೋಡಿ ತೀರ್ಮಾನ ಮಾಡಬೇಡಿ, ಎಳೆ ಮಕ್ಕಳ ಕೈಕಾಲು ಸ್ವಲ್ಪ ತಣ್ಣಗೇ ಇರುತ್ತವೆ. ಕತ್ತಿನ ಹಿಂದೆ ಅಥವಾ ಎದೆಯ ಮೇಲೆ ಕೈ ಇಟ್ಟು ನೋಡಿ. ಬೆಚ್ಚಗಿದ್ದರೆ ಸಾಕು, ಬೆವರಿದ್ದರೆ ಒಂದು ಬಟ್ಟೆ ತೆಗೆಯಿರಿ. ನಾವು ಹಾಕಿಕೊಂಡಿದ್ದಕ್ಕಿಂತ ಒಂದು ಪದರ ಜಾಸ್ತಿ ಇದ್ದರೆ ಆಯಿತು. ಬೀದರ್, ವಿಜಯಪುರದ ಕಡೆ ಡಿಸೆಂಬರ್ ರಾತ್ರಿ 10 ಡಿಗ್ರಿ ಹತ್ತಿರ ಹೋದರೂ ಮಧ್ಯಾಹ್ನದ ಬಿಸಿಲು ಚುರುಕಾಗಿಯೇ ಇರುತ್ತದೆ, ಬೆಳಗಿನ ಜಾವ ಹಾಕಿದ ಬಟ್ಟೆಯಲ್ಲೇ ಮಗುವನ್ನು ಸಂಜೆ ತನಕ ಇಡಬೇಡಿ. ಮಲಗಿಸುವಾಗ ಬೆನ್ನ ಮೇಲೆ ಮಲಗಿಸಿ, ಮುಖದ ಹತ್ತಿರ ದಿಂಬು, ರಗ್ಗು ಇರಬಾರದು. ಬೆಚ್ಚಗಿನ ಮನೆಯೊಳಗೆ ನಿದ್ದೆಯಲ್ಲಿ ಟೋಪಿಯೂ ಬೇಡ, ಜಾರಿ ಮೂಗಿನ ಮೇಲೆ ಬಂದರೆ ತೆಗೆದುಕೊಳ್ಳಲು ಆ ಕಂದನಿಗೆ ಬರುವುದಿಲ್ಲ.

ಸಾಂಬ್ರಾಣಿ ಹೊಗೆ ಬಗ್ಗೆ ಹೇಳಿದರೆ ಹಿರಿಯರಿಗೆ ಬೇಜಾರಾಗುತ್ತದೆ, ಗೊತ್ತು. ಆದರೂ ಹೇಳುತ್ತೇನೆ. ಹೊಗೆ ಯಾವುದಾದರೂ ಹೊಗೆಯೇ, ಆ ಪುಟ್ಟ ಶ್ವಾಸಕೋಶಕ್ಕೆ ಅದರ ವಾಸನೆ ಒಳ್ಳೆಯದೋ ಕೆಟ್ಟದ್ದೋ ಗೊತ್ತಾಗುವುದಿಲ್ಲ. ಹೋಮ್‌ಸ್ಟೇಗಳ ಕ್ಯಾಂಪ್‌ಫೈರ್ ಪಕ್ಕ ಮಗುವನ್ನು ಕೂರಿಸಿಕೊಂಡು ಫೋಟೊ ತೆಗೆಯುವುದೂ ಬೇಡ. ಇನ್ನೊಂದಂತೂ ಪ್ರಾಣದ ಮಾತು. ಬೆಚ್ಚಗಿರಲಿ ಅಂತ ಕೆಂಡದ ಅಗ್ಗಿಷ್ಟಿಕೆಯನ್ನು ಮುಚ್ಚಿದ ಕೋಣೆಯಲ್ಲಿ ಇಡಲೇಬೇಡಿ. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಮಲಗಿದವರು ಏಳುವುದೇ ಇಲ್ಲ.

ಎಣ್ಣೆ ತಿಕ್ಕಿ ನೀರು ಹಾಕುವುದು ಒಳ್ಳೆಯದೇ, ಗಾಳಿ ಬೀಸದ ಜಾಗದಲ್ಲಿ ಬೇಗ ಮುಗಿಸಿ, ಒರೆಸಿ, ಹಾಲು ಕುಡಿಸಿದರೆ ಮಗು ಹಾಯಾಗಿ ನಿದ್ದೆ ಮಾಡುತ್ತದೆ. ಮೂಗಿಗೆ, ಕಿವಿಗೆ ಮಾತ್ರ ಎಣ್ಣೆ ಬಿಡಬೇಡಿ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಮೂಗು ಕಟ್ಟಿದ್ದರೆ ಮೆಡಿಕಲ್ ಶಾಪಿನಲ್ಲಿ ಸಿಗುವ ಉಪ್ಪುನೀರಿನ ಡ್ರಾಪ್ಸ್ ಸಾಕು. ಕರ್ಪೂರ ಇರುವ ಮುಲಾಮು ಎರಡು ವರ್ಷದ ಒಳಗಿನ ಮಕ್ಕಳಿಗೆ ಬೇಡ. ವರ್ಷ ತುಂಬುವ ತನಕ ಜೇನುತುಪ್ಪ ಬೆರಳಿನಲ್ಲಿ ನೆಕ್ಕಿಸುವುದೂ ಬೇಡ. ಚಳಿಗೆ ಒಂದು ಹನಿ ಬ್ರಾಂದಿ ಅನ್ನುವ ಮಾತು ಈಗಲೂ ಕೇಳುತ್ತದೆ, ಕೇಳಿದರೆ ಹೊಟ್ಟೆ ಉರಿಯುತ್ತದೆ.

ಕೆಮ್ಮಿನ ಸಿರಪ್ ಬಗ್ಗೆ ನಾನು ಯಾರ ಮಾತನ್ನೂ ಕೇಳುವುದಿಲ್ಲ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ವಿಷ ಬೆರೆತ ಸಿರಪ್ ಕುಡಿದು ಎಷ್ಟೋ ಪುಟ್ಟ ಮಕ್ಕಳು ಕಿಡ್ನಿ ಕೆಟ್ಟು ಸತ್ತರು. ಆ ಅಕ್ಟೋಬರ್‌ನಲ್ಲಿ ಕೇಂದ್ರದ ಆರೋಗ್ಯ ಇಲಾಖೆಯೇ ಎರಡು ವರ್ಷದ ಒಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಔಷಧಿ ಕೊಡಬಾರದು ಅಂತ ಹೇಳಿತು. "ನಮ್ಮ ಹುಡುಗನಿಗೆ ಇದೇ ಕೊಟ್ಟಿದ್ದು" ಅಂತ ಯಾರಾದರೂ ಅರ್ಧ ಬಾಟಲಿ ತಂದರೆ ತೆಗೆದಿಟ್ಟುಬಿಡಿ.

ಸಂಕ್ರಾಂತಿಗೆ ಪುಟಾಣಿಗಳಿಗೆ ಎಲಚಿಹಣ್ಣು ಎರೆಯುತ್ತೇವಲ್ಲ, ಎಷ್ಟು ಚೆಂದದ ಶಾಸ್ತ್ರ ಅದು. ಖಂಡಿತ ಮಾಡಿ. ಆದರೆ ತಲೆ ಮೇಲಿಂದ ಬೀಳುವ ಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸು ಎಲ್ಲ ನೇರ ಬಾಯಿಗೆ ಹೋಗುವ ವಯಸ್ಸು ಮಗುವಿನದು. ಎಳ್ಳು ಬೆಲ್ಲದಲ್ಲಿ ಇರುವ ಕಡ್ಲೆಬೀಜ ಗಂಟಲಲ್ಲಿ ಸಿಕ್ಕಿಕೊಂಡರೆ ಉಸಿರೇ ಕಟ್ಟುತ್ತದೆ. ಒಬ್ಬರು ಪಕ್ಕದಲ್ಲೇ ಕೂತು ಆರಿಸಿ ತೆಗೆಯಲಿ.

ರಜೆಯಲ್ಲಿ ಕ್ಲಿನಿಕ್‌ಗಳು ಮುಚ್ಚಿರುತ್ತವೆ. ಹೋಗುವ ಊರಿಗೆ ಹತ್ತಿರದ ತಾಲ್ಲೂಕು ಆಸ್ಪತ್ರೆ ಎಲ್ಲಿದೆ ಅಂತ ಮೊದಲೇ ತಿಳಿದುಕೊಳ್ಳಿ. ಮಗುವಿನ ಲಸಿಕೆ ಬರೆದಿರುವ ತಾಯಿ ಕಾರ್ಡ್ ಜೊತೆಗಿರಲಿ. 6, 10, 14 ವಾರದ ಲಸಿಕೆಯನ್ನು ಪ್ರಯಾಣದ ನೆಪಕ್ಕೆ ಮುಂದೂಡಬೇಡಿ, ನಾಯಿಕೆಮ್ಮು, ನ್ಯುಮೋನಿಯಾ ತಡೆಯುವ ಲಸಿಕೆಗಳು ಅದರಲ್ಲೇ ಬರುವುದು. ಮೂರು ತಿಂಗಳ ಒಳಗಿನ ಮಗುವಿಗೆ 100.4 ಡಿಗ್ರಿ ಜ್ವರ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. ಮಗು ಸುಮ್ಮನೆ ಮಲಗಿರುವಾಗ ಒಂದು ಪೂರ್ತಿ ನಿಮಿಷ ಉಸಿರು ಎಣಿಸಿ. ಎರಡು ತಿಂಗಳ ಒಳಗಿನ ಮಗುವಿಗೆ 60, ಆಮೇಲೆ ವರ್ಷದ ತನಕ 50 ಮುಟ್ಟಿದರೆ, ಉಸಿರೆಳೆದಾಗ ಪಕ್ಕೆ ಒಳಗೆ ಹೋಗುತ್ತಿದ್ದರೆ, ಹಾಲು ಬಿಟ್ಟರೆ, ತುಟಿ ನೀಲಿಯಾದರೆ ಮನೆಮದ್ದು ಮಾಡುತ್ತ ಕೂರದೆ 108ಕ್ಕೆ ಫೋನ್ ಮಾಡಿ.

ಮತ್ತೆ ಮಗುವಿನ ಅಪ್ಪಂದಿರೇ, ಬಸ್ಸು ಹತ್ತುವ ಮುಂಚೆ ನಿಮ್ಮ ಅಮ್ಮನಿಗೆ ನೀವೇ ಫೋನ್ ಮಾಡಿ. "ಅಮ್ಮಾ, ನೆಗಡಿ ಇದ್ದವರಿಗೆ ಈ ಸಲ ಮಗು ಕೊಡೋದು ಬೇಡ, ನಾನೇ ಹೇಳ್ತಿರೋದು" ಅನ್ನಿ. ಕೊನೆಯ ಮಾತನ್ನು ಮರೆಯದೆ ಸೇರಿಸಿ.