ಗುಂಡಿ ಮುಚ್ಚಿ ಅಂದ್ರೆ ದೇಶದ ಭದ್ರತೆ ಯಾಕ್ರೀ ಬರುತ್ತೆ?

ಮೂರು ದಿನದಿಂದ ಹೊಟ್ಟೆ ಉರಿಯುತ್ತಿದೆ. ಬರೆದು ಹಾಕದೆ ನಿದ್ದೆ ಬರಲ್ಲ.

ಬೆಂಗಳೂರಿನ ಹೊರವಲಯದಲ್ಲಿರುವ ನಮ್ಮ ಬಡಾವಣೆಯ ಬಸ್ ಸ್ಟಾಪ್ ಎದುರು ಒಂದು ಗುಂಡಿ ಇದೆ. ಒಳಚರಂಡಿ ಪೈಪಿಗೆ ಅಂತ ಅಗೆದರು, ಪೈಪ್ ಇಟ್ಟರು, ಮೇಲೆ ಒಂದಿಷ್ಟು ಮಣ್ಣು ಎಳೆದು ಹೋದರು. ಮೊದಲ ಮಳೆಗೇ ಕುಸಿಯಿತು. ಎಂಟು ತಿಂಗಳಾಯಿತು. ಹಾಲಿನ ಹುಡುಗ ಬೆಳಗಿನ ಜಾವ ಅದರಲ್ಲಿ ಬಿದ್ದು ಕೈ ಮುರಿದುಕೊಂಡ. ಅರ್ಜಿ ಕೊಟ್ಟೆವು, ಫೋಟೋ ಕಳಿಸಿದೆವು. ‘ಟೆಂಡರ್ ಹಂತದಲ್ಲಿದೆ’ ಅಂತ ಒಂದು ಸಾಲು ಬಂತು, ಅಷ್ಟೇ. ಕೊನೆಗೆ ಹೋದ ಭಾನುವಾರ ಹದಿನಾಲ್ಕು ಜನ ಬೋರ್ಡ್ ಹಿಡಿದು ಗುಂಡಿ ಪಕ್ಕ ನಿಂತೆವು. ಘೋಷಣೆ ಇಲ್ಲ, ಮೈಕ್ ಇಲ್ಲ. ರಸ್ತೆ ತಡೆ ಅಂತೂ ಇಲ್ಲವೇ ಇಲ್ಲ. ತಡೆಯೋಕೆ ರಸ್ತೆ ಎಲ್ಲಿದೆ ಸ್ವಾಮಿ?

ಬೋರ್ಡ್ ಬರೆದಿದ್ದು ನಮ್ಮ ಪಕ್ಕದ ಮನೆ ಮೇಷ್ಟ್ರು. ಪಿಯು ಕಾಲೇಜಿನಲ್ಲಿ ಲೆಕ್ಕ ಹೇಳಿಕೊಡುತ್ತಾರೆ. ಚನ್ನಪಟ್ಟಣದವರು, ತಾತ ಮರದ ಬೊಂಬೆಗೆ ಅರಗಿನ ಬಣ್ಣ ಹಾಕುತ್ತಿದ್ದವರು. ಅವರ ಕನ್ನಡದ ಅಕ್ಷರ ನೋಡಬೇಕು ನೀವು, ಮುತ್ತು ಪೋಣಿಸಿದ ಹಾಗೆ. ನಾನು ‘ಮುಚಿ’ ಅಂತ ಬರೆದಿದ್ದ ಬೋರ್ಡಿಗೆ ಸುಮ್ನೆ ಒಂದು ಚ ಒತ್ತು ಸೇರಿಸಿ ವಾಪಸ್ ಕೊಟ್ಟರು. ಏನೂ ಅನ್ನಲಿಲ್ಲ, ನಕ್ಕರು ಅಷ್ಟೇ.

ಅರ್ಧ ಗಂಟೆಯಲ್ಲಿ ಜೀಪ್ ಬಂತು. ಇಳಿದವರು ಮೊದಲು ಕೇಳಿದ್ದು, ಪರ್ಮಿಷನ್ ಇದೆಯಾ ಅಂತ. ಇಲ್ಲ ಸಾರ್ ಅಂದೆವು. ‘ಮಾಡೋದಿದ್ರೆ ಫ್ರೀಡಂ ಪಾರ್ಕಿಗೆ ಹೋಗಿ ಮಾಡ್ರಿ’ ಅಂದರು. ಅವರನ್ನೂ ಪೂರ್ತಿ ಬೈಯೋ ಹಾಗಿಲ್ಲ. ನಗರದಲ್ಲಿ ಪ್ರತಿಭಟನೆ ಫ್ರೀಡಂ ಪಾರ್ಕಿನಲ್ಲೇ ಆಗಬೇಕು ಅನ್ನೋ ಆದೇಶ 2021ರಿಂದ ಇದೆ. ಆದರೂ ಒಂದು ಮಾತು. ಅದು ಹಳೇ ಸೆಂಟ್ರಲ್ ಜೈಲಿದ್ದ ಜಾಗ. 1975ರಲ್ಲಿ ತುರ್ತು ಪರಿಸ್ಥಿತಿ ಹೇರಿದಾಗ ವಾಜಪೇಯಿ, ಅಡ್ವಾಣಿ ಅವರನ್ನು ಕೂಡಿಟ್ಟಿದ್ದು ಅದೇ ಜೈಲಿನಲ್ಲಿ. ಈಗ ನಮ್ಮ ಗುಂಡಿ ಬಗ್ಗೆ ಹೇಳೋಕೆ ನಾವು ಎರಡು ಬಸ್ ಬದಲಿಸಿ ಅಲ್ಲಿಗೆ ಹೋಗಬೇಕು. ಗುಂಡಿ ಇಲ್ಲಿ, ನಾವು ಅಲ್ಲಿ. ನೋಡೋರು ಯಾರು? ಅಲ್ಲಿನ ಪಾರಿವಾಳವಾ?

ಸರಿ, ಬೋರ್ಡ್ ಮಡಚಿದೆವು. ಆಗ ಶುರುವಾಯಿತು ನೋಡಿ.

‘ಯಾರ್ಯಾರು ಬಂದಿದೀರಿ?’ ಅಂತ ಒಬ್ಬೊಬ್ಬರನ್ನೇ ಹೆಸರು ಕೇಳುತ್ತಾ ಬಂದರು. ನನ್ನ ಹೆಸರು ಕೇಳಿದರು, ಮುಂದೆ ಹೋದರು. ಮೇಷ್ಟ್ರ ಹೆಸರು ಕೇಳಿದ ಮೇಲೆ ನಿಂತರು.

‘ಯಾವೂರು?’

‘ಚನ್ನಪಟ್ಟಣ.’

‘ಅಲ್ಲ, ಮೂಲ?’

‘ಚನ್ನಪಟ್ಟಣನೇ ಸಾರ್.’

‘ಆಧಾರ್ ತೋರಿಸಿ. ಫೋನ್ ನಂಬರ್ ಬರೆಸಿ. ಸೆಕ್ಯುರಿಟಿ ವಿಷಯ, ಬೇಜಾರು ಮಾಡ್ಕೋಬೇಡಿ.’

ಹದಿನಾಲ್ಕು ಜನರಲ್ಲಿ ಆಧಾರ್ ತೋರಿಸಿದ್ದು ಒಬ್ಬರೇ. ಉಳಿದ ಹದಿಮೂರು ಜನ ಏನು ಮಾಡಿದೆವು ಗೊತ್ತಾ? ನೆಲ ನೋಡುತ್ತಾ ನಿಂತೆವು. ನಾನೂ ಸೇರಿ. ‘ನಂದೂ ಬರ್ಕೊಳ್ಳಿ ಸಾರ್’ ಅಂತ ಒಂದು ಮಾತು ಬಾಯಿಗೆ ಬರಲಿಲ್ಲ. ಅದು ಹೊಳೆದಿದ್ದು ಮನೆಗೆ ಬಂದು ಸ್ನಾನ ಮಾಡುವಾಗ. ಥೂ ನನ್ನ ಜನ್ಮಕ್ಕೆ.

ಇಷ್ಟಕ್ಕೇ ಮುಗಿಯಿತಾ? ಸಂಜೆ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಒಬ್ಬ ಹಿರಿಯರು, ಅದೇ ಗುಂಡಿಯಲ್ಲಿ ಸ್ಕೂಟರ್ ಬೀಳಿಸಿಕೊಂಡವರು, ಬರೆದರು: ‘ಇಂಥದ್ದಕ್ಕೆಲ್ಲ ದುಡ್ಡು ಎಲ್ಲಿಂದ ಬರುತ್ತೆ ಅಂತ ತನಿಖೆ ಆಗಲಿ. ದೇಶದ ಭದ್ರತೆ ಮೊದಲು.’ ಕೆಳಗೆ ಹನ್ನೊಂದು ಹೆಬ್ಬೆರಳು, ನಾಲ್ಕು ಬಾವುಟ. ದುಡ್ಡಿನ ಲೆಕ್ಕ ನಾನೇ ಕೊಡ್ತೀನಿ ಕೇಳಿ. ಚಾರ್ಟ್ ಶೀಟು, ಸ್ಕೆಚ್ ಪೆನ್ನು, ಗೋಂದು ಸೇರಿ ಇನ್ನೂರ ನಲವತ್ತು ರೂಪಾಯಿ. ನನ್ನ ಜೇಬಿನಿಂದ ಹೋಗಿದ್ದು. ಟೀ ದುಡ್ಡು ಮೇಷ್ಟ್ರು ಕೊಟ್ಟರು.

ಭದ್ರತೆ ಬೇಡ ಅಂತ ಯಾರಾದರೂ ಅಂದರಾ? 2008ರ ಜುಲೈ 25ರಂದು ಈ ಊರಿನಲ್ಲಿ ಸಾಲಾಗಿ ಬಾಂಬ್ ಸಿಡಿದವು. ಮಡಿವಾಳದ ಬಸ್ ಸ್ಟಾಪಿನಲ್ಲಿ ನಿಂತಿದ್ದ ಒಬ್ಬ ಹೆಂಗಸು ಸತ್ತರು. ಆಮೇಲೆ ಎಷ್ಟೋ ದಿನ ಬಸ್ ಸೀಟಿನ ಕೆಳಗೆ ಬಗ್ಗಿ ನೋಡಿಯೇ ಕೂರುತ್ತಿದ್ದವನು ನಾನು. ಬಾಂಬ್ ಇಡೋನು ಹಗಲು ಹೊತ್ತಿನಲ್ಲಿ ಬೋರ್ಡ್ ಹಿಡಿದು ಫೋಟೋಗೆ ನಿಲ್ಲಲ್ಲ, ಅಷ್ಟೇ ನಾನು ಹೇಳೋದು.

ಇನ್ನೊಂದು ಕಥೆ ಮರೆತೇಬಿಟ್ಟಿದ್ದೇವೆ. 2012ರ ಆಗಸ್ಟ್. ಈಶಾನ್ಯ ರಾಜ್ಯದವರಿಗೆ ಹೊಡೀತಾರಂತೆ ಅಂತ ಮೊಬೈಲಿನಲ್ಲಿ ಗಾಳಿಸುದ್ದಿ ಹಬ್ಬಿತು. ಸಾವಿರಾರು ಜನ ಗಂಟುಮೂಟೆ ಕಟ್ಟಿಕೊಂಡು ಗುವಾಹಟಿ ರೈಲು ಹತ್ತಿದರು. ರೈಲ್ವೆಯವರು ವಿಶೇಷ ರೈಲೇ ಬಿಡಬೇಕಾಯಿತು. ರಾಶಿ ರಾಶಿ ಎಸ್ಸೆಮ್ಮೆಸ್ ಕಳಿಸೋದಕ್ಕೆ ಸರ್ಕಾರ ಕಡಿವಾಣ ಹಾಕಿತು. ಅಷ್ಟು ಜನರನ್ನು ಊರು ಬಿಡಿಸಿದ್ದು ಬೋರ್ಡ್ ಹಿಡಿದವರಲ್ಲ. ಮನೆಯಲ್ಲಿ ಕೂತು ಫಾರ್ವರ್ಡ್ ಒತ್ತಿದವರು. ನಮ್ಮ ಗುಂಪಿನ ಹಿರಿಯರೇ, ನಿಮ್ಮ ಬೆರಳು ಎಲ್ಲಿದೆ ನೋಡಿಕೊಳ್ಳಿ.

ಸಂವಿಧಾನದ 19ನೇ ವಿಧಿ ತೆಗೆದು ಓದಿ. ಆಯುಧ ಇಲ್ಲದೆ ಶಾಂತಿಯಿಂದ ಸೇರೋ ಹಕ್ಕು ಅದರಲ್ಲೇ ಇದೆ. ಅದಕ್ಕೆ ಮಿತಿ ಹಾಕಬಹುದು, ನಿಜ, ಆದರೆ ದೇಶದ ಅಖಂಡತೆಗೋ ಸಾರ್ವಜನಿಕ ಶಾಂತಿಗೋ ಧಕ್ಕೆ ಬರುತ್ತೆ ಅಂತ ತೋರಿಸಬೇಕು. 2019ರ ಡಿಸೆಂಬರಿನಲ್ಲಿ ಪೌರತ್ವ ಕಾಯ್ದೆ ಗಲಾಟೆಯ ಹೊತ್ತಿಗೆ ಇಡೀ ಬೆಂಗಳೂರಿಗೆ 144 ಹಾಕಿದ್ದರಲ್ಲ. ಟೌನ್ ಹಾಲ್ ಮುಂದೆ ಟಿವಿಯವರ ಹತ್ತಿರ ಮಾತಾಡುತ್ತಿದ್ದ ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನು ಎಳೆದುಕೊಂಡು ಹೋದರು. ಎರಡು ತಿಂಗಳಾದ ಮೇಲೆ, 2020ರ ಫೆಬ್ರವರಿಯಲ್ಲಿ, ಆ ಆದೇಶವೇ ಕಾನೂನಿಗೆ ವಿರುದ್ಧ ಅಂತ ಹೈಕೋರ್ಟ್ ಹೇಳಿತು. ಅಷ್ಟರಲ್ಲಿ ಆದೇಶದ ಅವಧಿ ಮುಗಿದು ಹೋಗಿತ್ತು, ಬಿಡಿ.

ನಿನ್ನೆ ಧೈರ್ಯ ಮಾಡಿ ಮೇಷ್ಟ್ರ ಮನೆಗೆ ಹೋದೆ. ಬೈದಿದ್ದರೆ ಸಮಾಧಾನ ಆಗುತ್ತಿತ್ತು. ಅವರ ಹೆಂಡತಿ ಕಾಫಿ ಕೊಟ್ಟರು, ಮಾತಾಡಲಿಲ್ಲ. ಹದಿನಾರು ವರ್ಷದ ಮಗ ಕೇಳಿದ, ‘ಅಂಕಲ್, ನಮ್ಮಪ್ಪನ ನಂಬರ್ ಈಗ ಯಾವ ಲಿಸ್ಟಲ್ಲಿ ಇರುತ್ತೆ?’ ನನ್ನ ಹತ್ತಿರ ಉತ್ತರ ಇರಲಿಲ್ಲ. ಬರೋ ಭಾನುವಾರ ಮತ್ತೆ ನಿಲ್ಲೋಣ ಮೇಷ್ಟ್ರೇ, ಈ ಸಲ ಅರ್ಜಿ ಕೊಟ್ಟೇ ನಿಲ್ಲೋಣ ಅಂದೆ. ಅವರು ಬಾಗಿಲ ಹಿಂದಿನಿಂದ ಬೋರ್ಡಿನ ಕಟ್ಟು ತಂದು ನನ್ನ ಕೈಗಿಟ್ಟರು. ಎರಡು ಹೊಸದಾಗಿ ಬರೆದಿದ್ದರು, ಶಾಯಿ ಇನ್ನೂ ಹಸಿ ಇತ್ತು.

‘ಬರೆದು ಕೊಡ್ತೀನಿ ಸಾರ್, ಎಷ್ಟು ಬೇಕಾದ್ರೂ ಬರೆದು ಕೊಡ್ತೀನಿ. ನಿಂತ್ಕೊಳ್ಳೋದು ನೀವೇ ನಿಂತ್ಕೊಳ್ಳಿ.’