ಲೇಕ್ ವ್ಯೂ ಅಂತೆ!

ನಿನ್ನೆ ಕೋಲಾರದ ಕಡೆಯ ನಮ್ಮೂರಿಗೆ ಹೋಗಿದ್ದೆ. ಕೆರೆ ಏರಿ ಇಳಿದ ಕೂಡಲೇ ಗದ್ದೆ ಬಯಲಲ್ಲಿ ಒಂದು ದೊಡ್ಡ ಬೋರ್ಡು ಕಣ್ಣಿಗೆ ಬಿತ್ತು. 'ಲೇಕ್ ವ್ಯೂ ಫಾರ್ಮ್ ಪ್ಲಾಟ್. ನಿಮ್ಮ ಮಕ್ಕಳಿಗೆ ಹಳ್ಳಿ ತೋರಿಸಿ.' ಪಕ್ಕದಲ್ಲಿ ಎತ್ತಿನ ಗಾಡಿ ಚಿತ್ರ. ನಮ್ಮೂರಲ್ಲಿ ಕೊನೇ ಜೊತೆ ಎತ್ತು ಮಾರಿ ಹದಿನೈದು ವರ್ಷ ಆಯಿತು. ಆ ಗಾಡಿ ಯಾವ ಊರಿಂದ ಬಂತೋ!

ಬೋರ್ಡಿನ ನೆರಳಲ್ಲಿ ಕುರ್ಚಿ ಹಾಕಿಕೊಂಡಿದ್ದ ಹುಡುಗ ನನ್ನನ್ನೂ ಗಿರಾಕಿ ಅಂದುಕೊಂಡ. "ಮೊದ್ಲು ಇಲ್ಲಿ ಭತ್ತ ಬೆಳೀತಿದ್ರಂತೆ ಸರ್. ಮಳೆ ಕೈಕೊಡ್ತಲ್ಲ, ಎಲ್ಲಾ ಬಿಟ್ಟು ಬೆಂಗಳೂರಿಗೆ ಹೋದ್ರು" ಅಂದ.

ಅವನ ಮೇಲೆ ನನಗೆ ಸಿಟ್ಟಿಲ್ಲ. ಪಾಪ, ಹೊಟ್ಟೆಪಾಡು. ಆದರೆ ಈ 'ಮಳೆ ಕೈಕೊಡ್ತು' ಅನ್ನೋ ಮಾತು ಕೇಳಿದರೆ ಮೈಯೆಲ್ಲ ಉರಿಯುತ್ತದೆ. ಮದುವೆ ಮನೆಯಲ್ಲಿ ನೆಂಟರು ಇದನ್ನೇ ಹೇಳುತ್ತಾರೆ. ವೇದಿಕೆ ಮೇಲೆ ರಾಜಕಾರಣಿಗಳೂ ಇದನ್ನೇ ಹೇಳುತ್ತಾರೆ. ಸ್ವಾಮಿ, ಕೋಲಾರಕ್ಕೆ ಮಳೆ ಯಾವತ್ತು ಜಾಸ್ತಿ ಇತ್ತು? ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ಅಂತ ಹೆಸರಿಗೆ ಮೂರು ನದಿ. ವರ್ಷಪೂರ್ತಿ ಹರಿಯುವುದು ಒಂದೂ ಇಲ್ಲ. ಅದಕ್ಕೇ ಅಲ್ವಾ ಹಿರಿಯರು ಸಾವಿರಾರು ಕೆರೆ ಕಟ್ಟಿದ್ದು? ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ಆ ಲೆಕ್ಕದ ಮೇಲೆ ನಮ್ಮ ಊರುಗಳು ಹುಟ್ಟಿದ್ದು, ಬೆಳೆದಿದ್ದು.

ನಾನು ಚಿಕ್ಕವನಿದ್ದಾಗ, ಕೆರೆಯಿಂದ ಗದ್ದೆಗೆ ನೀರು ಬಿಡುವ ತೂಬು ಎತ್ತುವುದನ್ನು ನೋಡಲು ಏರಿ ಮೇಲೆ ಸಾಲಾಗಿ ನಿಲ್ಲುತ್ತಿದ್ದೆವು. ಊರಿಗೆ ಕೆರೆ ನೀರು ಹಂಚುವ ನೀರುಗಂಟಿ ಸೊಂಟಕ್ಕೆ ಟವೆಲ್ ಬಿಗಿದು, ತೂಬಿನ ಕಲ್ಲುಗಂಬದವರೆಗೆ ಈಜಿ ಹೋಗುತ್ತಿದ್ದ. ಒಂದು ಕೈಯಲ್ಲಿ ಕಂಬ ತಬ್ಬಿಕೊಂಡು ಇನ್ನೊಂದು ಕೈಯಲ್ಲಿ ಗೂಟ ಎಳೆಯುತ್ತಿದ್ದ. ಏರಿಯ ಈಚೆ ಕಡೆ ಕಾಲುವೆಯಲ್ಲಿ ಮೊದಲು ಒಣ ಎಲೆ, ಕಸ, ಆಮೇಲೆ ಕೆಂಪು ನೀರು ಬರುತ್ತಿತ್ತು. ಯಾರ ಗದ್ದೆಗೆ ಎಷ್ಟು ಹೊತ್ತು ಬಿಡಬೇಕು ಅನ್ನುವುದು ಅವನ ಸನಿಕೆಯ ತೀರ್ಮಾನ. ಕೆರೆ ಅರ್ಧ ತುಂಬಿದ ವರ್ಷ ದಾಮಾಷ. ಅಂದರೆ ತೂಬಿನ ಹತ್ತಿರದ ಒಂದಿಷ್ಟು ಗದ್ದೆಯನ್ನು ಎಲ್ಲರೂ ಪಾಲು ಹಾಕಿಕೊಂಡು ಬೆಳೆಯುವುದು. ಹತ್ತಿರ ಜಮೀನಿದ್ದವನು ಗೊಣಗುತ್ತಿದ್ದ. ಆದರೂ ಬಿಟ್ಟುಕೊಡುತ್ತಿದ್ದ.

ಈಗ ನಮ್ಮಣ್ಣನ ಮಗಳು ಕಾಮೆಂಟಲ್ಲಿ ಬರುತ್ತಾಳೆ, ಗೊತ್ತು. "ಚಿಕ್ಕಪ್ಪಾ, ನಿಮಗೆ ಹಳೇ ಜಾತಿ ಪದ್ಧತಿ ವಾಪಸ್ ಬೇಕಾ?" ಬೇಡಮ್ಮ. ಊರಿಗೆಲ್ಲ ನೀರು ಹಂಚುವವನ ಅರ್ಧ ಎಕರೆ ಅಚ್ಚುಕಟ್ಟಿನ ಕಟ್ಟಕಡೆಗಿತ್ತು. ಮೀಸೆ ಬರದ ನಾವೂ ಅವನನ್ನು 'ಬಾರೋ, ಹೋಗೋ' ಅನ್ನುತ್ತಿದ್ದೆವು. ಈಗ ನೆನೆದರೆ ನಾಚಿಕೆಯಾಗುತ್ತದೆ. 1961ರ ಕಾಯ್ದೆ ನೀರುಗಂಟಿಯಂಥ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದು ಮಾಡಿದ್ದು ಸರಿಯೇ. ಆದರೆ ಹುದ್ದೆ ತೆಗೆದವರು ಆ ಕೆಲಸ ಇನ್ನು ಯಾರು ಮಾಡಬೇಕು ಅಂತ ಗಟ್ಟಿಯಾಗಿ ಹೇಳಲಿಲ್ಲ. ನಮ್ಮೂರಲ್ಲಿ ಅವನು ಇನ್ನೂ ಸುಮಾರು ವರ್ಷ, ಸುಗ್ಗಿಯಲ್ಲಿ ಕೊಡುವ ಭತ್ತಕ್ಕೆ, ಸುಮ್ನೆ ಅಭ್ಯಾಸಬಲದಿಂದ ತೂಬು ಎತ್ತಿದ. ಅವನ ಮಗ ಎತ್ತಲಿಲ್ಲ. ಯಾಕೆ ಎತ್ತಬೇಕು?

ಅಷ್ಟರಲ್ಲಿ ಬೋರು ಬಂತು. ತಮಾಷೆ ನೋಡಿ, ಊರು ನಿಜವಾಗಿ ಮೇಲೆದ್ದಿದ್ದೂ ಆಗಲೇ. ಹಿಪ್ಪುನೇರಳೆ, ರೇಷ್ಮೆ, ಸೀಮೆ ಹಸು, ಡೈರಿ ದುಡ್ಡು. ಹೆಂಚಿನ ಮನೆಗಳು ಆರ್‌ಸಿಸಿ ಆದವು. ನಾನು ಪಿಯುಸಿಗೆ ಹೋಗಿದ್ದು ರೇಷ್ಮೆಗೂಡಿನ ದುಡ್ಡಿನಲ್ಲಿ. ಊರಿನ ಮೊದಲ ಬೋರ್ ನಮ್ಮಪ್ಪನದೇ, ನಿಮ್ಮಲ್ಲಿ ಹಳಬರಿಗೆ ಗೊತ್ತು. ತಮಿಳುನಾಡಿನ ತಿರುಚೆಂಗೋಡಿನಿಂದ ಬಂದ ಬೋರ್ ಕೊರೆಯುವ ಲಾರಿಗೆ ಹೂವಿನ ಹಾರ ಹಾಕಿ, ಕಾಯಿ ಒಡೆದಿದ್ದೆವು. 240 ಅಡಿಗೆ ಎರಡಿಂಚು ನೀರು! ಅಪ್ಪ ಅದರಲ್ಲೇ ನೆನೆದು ನಿಂತರು. ಮಾರನೇ ವರ್ಷ ಕಾಲುವೆ ಹೂಳು ಎತ್ತುವ ದಿನ ನಮ್ಮ ಮನೆಯಿಂದ ಯಾರೂ ಹೋಗಲಿಲ್ಲ. ನಮಗೆ ಕೆರೆ ನೀರು ಬೇಕಿರಲಿಲ್ಲವಲ್ಲ. ಅದರ ಮಾರನೇ ವರ್ಷ ಇನ್ನೂ ನಾಲ್ಕು ಮನೆಯವರು ಹೋಗಲಿಲ್ಲ.

ಇದನ್ನೇ ನಾನು ಹೇಳುತ್ತಿರುವುದು. ಮಳೆ ಕೈಕೊಡಲಿಲ್ಲ, ನಾವು ಕೈಬಿಟ್ಟೆವು. ಕೆರೆಗೆ ನೀರು ತರುವ ದಿಣ್ಣೆಯ ಮೇಲೆಲ್ಲ ನೀಲಗಿರಿ ನೆಟ್ಟೆವು. ಸಾಮಾಜಿಕ ಅರಣ್ಯ ಅಂತ ಸರ್ಕಾರವೇ ಸಸಿ ಕೊಟ್ಟಿತ್ತು. ಅದೇ ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ನೆಡಬಾರದು ಅಂತ ಆದೇಶ ಮಾಡಿತು. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. 2021ರ ನವೆಂಬರಿನಲ್ಲಿ ಬೇಡ ಬೇಡ ಅಂದರೂ ಮಳೆ ಸುರಿಯಿತು, ಎಷ್ಟೋ ವರ್ಷದಿಂದ ಒಣಗಿದ್ದ ಕೆರೆಗಳು ಕೋಡಿ ಬಿದ್ದವು. ಮಳೆಯಿಂದ ಹೋದ ಊರಾಗಿದ್ದರೆ ಮಳೆಗೆ ವಾಪಸ್ ಬರಬೇಕಿತ್ತು. ಬಂದವರು ಕೋಡಿ ಮುಂದೆ ಸೆಲ್ಫಿ ತೆಗೆದುಕೊಂಡು ಸಂಜೆ ಬಸ್ಸಿಗೆ ಹೋದರು. ನಾನೂ ಅವರಲ್ಲೊಬ್ಬ.

ಇನ್ನು ಆ 'ಲೇಕ್'. 2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಬರುತ್ತಿರುವುದು ಬೆಂಗಳೂರಿನ ಕೊಳಚೆ ನೀರು, ಎರಡು ಹಂತ ಶುದ್ಧಿ ಮಾಡಿದ್ದು. ಮೊದಲ ವರ್ಷವೇ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದು, ವಿಷಯ ಹೈಕೋರ್ಟಿಗೆ ಹೋಗಿತ್ತು. ಅಂತರ್ಜಲ ಮೇಲೆ ಬಂದಿದೆ, ಇಲ್ಲ ಅನ್ನಲ್ಲ. ನಮ್ಮ ಕೆರೆಯಲ್ಲಿ ಈಗ ನಿಂತಿರುವುದೂ ಅದೇ ನೀರು. ಆದರೆ ಶೌಚಾಲಯದಲ್ಲಿ ಚೈನ್ ಎಳೆದವರೇ ಶನಿವಾರ ಕಾರು ಹತ್ತಿ ಬಂದು, ಅದೇ ನೀರಿನ ವ್ಯೂಗೆ ದುಡ್ಡು ಕೊಡುತ್ತಾರಲ್ಲ, ಅದಕ್ಕೆ ನಗಬೇಕೋ ಅಳಬೇಕೋ ತಿಳಿಯದು.

ಇಷ್ಟು ಹೊತ್ತು ಕೂಗಾಡಿದ್ದೇನೆ, ಒಂದು ಮಾತು ಮುಚ್ಚಿಟ್ಟುಕೊಂಡು. ಆ ಬೋರ್ಡು ನಿಂತಿರುವ ಮೂರು ಎಕರೆ ನಮ್ಮದಾಗಿತ್ತು. ಅಪ್ಪ ತೀರಿಕೊಂಡ ಮೇಲೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿದವನು ನಾನೇ. ಮಗಳ ಫೀಸು, ಬ್ಯಾಂಕಿನ ಸಾಲ. ನಿಮಗೆ ಬೇಕಾದ ಕಾರಣ ಆರಿಸಿಕೊಳ್ಳಿ.

ಹುಡುಗನಿಗೆ ಅದೇನೂ ಗೊತ್ತಿರಲಿಲ್ಲ. ಲೇಔಟ್ ನಕ್ಷೆ ಬಿಡಿಸಿ ತೋರಿಸುತ್ತಾ, "ಈ ಮೂಲೇಲಿ ಒಂದು ಹಳೇ ಬೋರ್ ಇದೆ ಸರ್, ಯೋಚ್ನೆ ಮಾಡ್ಬೇಡಿ, ಮುಚ್ಚಿಸಿ ಕೊಡ್ತೀವಿ" ಅಂದ.

"ಒಂದಲ್ಲಪ್ಪ, ಏಳಿವೆ" ಅಂದೆ. ಕೊನೇದು 1,350 ಅಡಿ, ಬರೀ ಧೂಳು. ಒಂದೊಂದೂ ಎಲ್ಲಿದೆ ಅಂತ ನಡೆದು ತೋರಿಸಿ ಬಂದೆ.