ಬದುಕಿರುವ ಹುತಾತ್ಮರಿಗೆ ಒಂದು ಶಾಲು

ಕಳೆದ ಜುಲೈ 26ಕ್ಕೆ ನಮ್ಮೂರಲ್ಲಿ ಕಾರ್ಗಿಲ್ ವಿಜಯ ದಿವಸ ಆಚರಿಸಿದರು. ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಒಳಗೆ, ಬಸ್ಸು ತಿರುಗಿಸುವ ಜಾಗದಲ್ಲಿ ಒಂದು ಶೀಟಿನ ಹಾಲ್ ಉಂಟು. ಅಲ್ಲೇ ಕಾರ್ಯಕ್ರಮ. ಆಟಿಯ ಮಳೆ ಶೀಟಿನ ಮೇಲೆ ಚೆಂಡೆ ಬಾರಿಸುತ್ತಿತ್ತು. ಮೈಕಿನಲ್ಲಿ ಹೇಳಿದ್ದರಲ್ಲಿ ಅರ್ಧ ನಮಗೆ ಸಿಕ್ಕಿತು, ಇನ್ನರ್ಧ ಮಳೆಗೆ.

ವೇದಿಕೆಯ ಹಿಂದೆ ಹತ್ತು ಅಡಿಯ ಫ್ಲೆಕ್ಸ್. ಅದರ ಮುಕ್ಕಾಲು ಪಾಲು ಒಬ್ಬನೇ ಸೈನಿಕ. ಮುಖಕ್ಕೆ ಹದವಾಗಿ ಹಚ್ಚಿದ ಕೆಸರು, ಚಂದ ಕೆಡದ ಹಾಗೆ ಕೆನ್ನೆಯ ಮೇಲೊಂದು ಗಾಯ, ಕೈಯಲ್ಲಿ ಬಂದೂಕು, ಬೆನ್ನ ಹಿಂದೆ ಬೆಂಕಿ. ಇವರು ಯಾವ ರೆಜಿಮೆಂಟಿನವರಪ್ಪ ಎಂದು ಯೋಚಿಸುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಹುಡುಗ ಹೇಳಿದ, ಸಿನಿಮಾ ನಟ. ಅದರ ಕೆಳಗೆ ಅಧ್ಯಕ್ಷರು, ಕಾರ್ಯದರ್ಶಿ, ಟೈಲ್ಸ್ ಅಂಗಡಿಯ ಪ್ರಾಯೋಜಕರು, ಎಲ್ಲರೂ ಕೈ ಮುಗಿದುಕೊಂಡು. ಬಲಗಡೆಯ ಕೆಳಮೂಲೆಯಲ್ಲಿ, ಫ್ಲೆಕ್ಸ್ ಅಂಗಡಿಯ ಫೋನ್ ನಂಬರಿನ ಪಕ್ಕ, ಅಂಚೆಚೀಟಿ ಸೈಜಿನಲ್ಲಿ ನಮ್ಮ ಹವಾಲ್ದಾರ್ ಮಾವ.

ಸನ್ಮಾನ ಇದ್ದದ್ದು ಮಾವನಿಗೆ.

"ನಮ್ಮೂರಿನ ಹೆಮ್ಮೆಯ ಹುತಾತ್ಮ ಯೋಧರು ಈಗ ವೇದಿಕೆಗೆ ಬರಬೇಕಾಗಿ ವಿನಂತಿ" ಎಂದ ನಿರೂಪಕ. ಮಾವ ಎದ್ದರು, ಪಂಚೆ ಸರಿ ಮಾಡಿಕೊಂಡರು, ಮೆಟ್ಟಿಲು ಹತ್ತಿದರು. ಜೋರು ಚಪ್ಪಾಳೆ. ಒಬ್ಬರಿಗೂ ಏನೂ ಅನ್ನಿಸಲಿಲ್ಲ.

ಆಮೇಲೆ ಚಾ ಕುಡಿಯುವಾಗ ನಿರೂಪಕನನ್ನು ಹಿಡಿದೆ. "ಹುತಾತ್ಮ ಅಂದ್ರೆ ಸತ್ತವರು ಮಾರಾಯ." ಅವನು ಒಂದು ಕ್ಷಣ ಗಾಬರಿಯಾದ. ಮತ್ತೆ ಸಾವರಿಸಿಕೊಂಡು, "ಸಿನಿಮಾದಲ್ಲಿ ಎಲ್ಲರಿಗೂ ಹಾಗೇ ಹೇಳ್ತಾರಲ್ವಾ" ಎಂದ.

ಅವನ ಮೇಲೆ ಸಿಟ್ಟು ಬರಲಿಲ್ಲ. ಅವನು ಹೇಳಿದ್ದು ಸರಿಯೇ. ಯುದ್ಧದ ಸಿನಿಮಾಕ್ಕೆ ಬದುಕಿರುವ ಸೈನಿಕ ಅಂದ್ರೆ ಒಂದು ತಲೆನೋವು. ಸತ್ತವನ ಕಥೆಗೆ ಒಂದು ಕೊನೆ ಇರುತ್ತದೆ, ಅಲ್ಲಿ ಹಾಡು ಹಾಕಬಹುದು. ಬದುಕಿದವನು ರೇಷನ್ ಅಂಗಡಿಯಲ್ಲಿ ಸಾಲು ನಿಂತಿರುತ್ತಾನೆ. ಯಾವಾಗ ಬಾಯಿ ತೆರೆದು "ಹಾಗಾಗಲಿಲ್ಲ" ಅಂತಾನೋ ಹೇಳಲಾಗದು. ಹಾಗಾಗಿ ಮೊದಲೇ ಕೊಂದುಬಿಡುವುದು ಕ್ಷೇಮ.

ಕೊಂದೂ ಇದ್ದಾರೆ. 1997ರ 'ಬಾರ್ಡರ್' ನೋಡದವರು ಯಾರು? 1971ರ ಡಿಸೆಂಬರ್ 4ರ ರಾತ್ರಿ ರಾಜಸ್ಥಾನದ ಲೋಂಗೆವಾಲಾದಲ್ಲಿ ನಡೆದ ಕಾಳಗದ ಸಿನಿಮಾ. ಅದರಲ್ಲಿ ಗಡಿ ಭದ್ರತಾ ಪಡೆಯ ಭೈರೋನ್ ಸಿಂಗ್ ವೀರಮರಣ ಹೊಂದುತ್ತಾನೆ. ಥಿಯೇಟರಲ್ಲಿ ಅಳದವರಿಲ್ಲ. ನಿಜವಾದ ಭೈರೋನ್ ಸಿಂಗ್ ರಾಠೋಡ್ ಆ ರಾತ್ರಿ ಹೋರಾಡಿದರು, ಸೇನಾ ಪದಕ ಪಡೆದರು, ನಿವೃತ್ತರಾಗಿ ಜೋಧಪುರದ ಕಡೆಯ ತಮ್ಮ ಹಳ್ಳಿಯಲ್ಲಿ ಇದ್ದರು. ಅವರು ತೀರಿಕೊಂಡದ್ದು 2022ರ ಡಿಸೆಂಬರಿನಲ್ಲಿ. ಪರದೆಯ ಸಾವಿಗೂ ಮನೆಯ ಸಾವಿಗೂ ನಡುವೆ 25 ವರ್ಷ. ಪಿಂಚಣಿದಾರರು ಪ್ರತಿ ನವೆಂಬರಿನಲ್ಲಿ ನಾನು ಬದುಕಿದ್ದೇನೆ ಎಂದು ಪ್ರಮಾಣಪತ್ರ ಕೊಡಬೇಕು, ಗೊತ್ತಲ್ವಾ. ಕೌಂಟರಿನ ಆಚೆ ಕೂತವನು ಹಿಂದಿನ ರಾತ್ರಿ ಟಿವಿಯಲ್ಲಿ ಸಿನಿಮಾ ನೋಡಿ ಬಂದಿದ್ದರೆ ಅವರ ಗತಿ ಏನು?

ಅದೇ ಕಾಳಗದ ಇನ್ನೊಂದು ಲೆಕ್ಕ ಹೇಳುತ್ತೇನೆ. ಸುಮಾರು 120 ಜನ ಟ್ಯಾಂಕುಗಳ ಸಾಲಿನ ಎದುರು ಬೆಳಗಿನವರೆಗೆ ಠಾಣೆ ಬಿಡದೆ ನಿಂತರು. ಬೆಳಕು ಹರಿದ ಮೇಲೆ ಜೈಸಲ್ಮೇರಿನಿಂದ ಹಂಟರ್ ವಿಮಾನಗಳು ಬಂದು ಟ್ಯಾಂಕುಗಳನ್ನು ಹುಡುಕಿ ಹುಡುಕಿ ಹೊಡೆದವು. ಠಾಣೆಯಲ್ಲಿ ತೀರಿಕೊಂಡವರು ಇಬ್ಬರು. ಸೈನ್ಯದ ಲೆಕ್ಕದಲ್ಲಿ ಇದು ಬೆರಗಿನ ಸಂಗತಿ. ಟಿಕೆಟಿನ ಲೆಕ್ಕದಲ್ಲಿ ಪೂರಾ ನಷ್ಟ. ಇಬ್ಬರು ಸತ್ತರೆ ಇಂಟರ್ವಲ್ ನಂತರ ಏನು ತೋರಿಸುವುದು? ಆದ್ದರಿಂದ ಸಿನಿಮಾದವರು ಪಾಕಿಸ್ತಾನದ ಟ್ಯಾಂಕುಗಳಿಗೆ ಆಗದ ಕೆಲಸವನ್ನು ತಾವೇ ಮಾಡಿ ಮುಗಿಸಿದರು.

ಸಿನಿಮಾದವರನ್ನು ಮಾತ್ರ ಬೈದು ಪ್ರಯೋಜನ ಇಲ್ಲ ಬಿಡಿ. 1999ರಲ್ಲಿ ಟೈಗರ್ ಹಿಲ್ ಹತ್ತಿದ ಗ್ರೆನೇಡಿಯರ್ ಯೋಗೇಂದ್ರ ಸಿಂಗ್ ಯಾದವ್ ಅವರಿಗೆ ಪರಮವೀರ ಚಕ್ರವನ್ನು ಮೊದಲು ಘೋಷಿಸಿದ್ದು ಮರಣೋತ್ತರವಾಗಿ. 19 ವರ್ಷದ ಹುಡುಗ ಮೈತುಂಬ ಗುಂಡಿನ ಗಾಯ ಮಾಡಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದ. ತೀರಿಕೊಂಡದ್ದು ಅದೇ ಹೆಸರಿನ ಇನ್ನೊಬ್ಬ ಸೈನಿಕ. ನಮ್ಮ ನಿರೂಪಕನ ತಪ್ಪು ಅದರ ಮುಂದೆ ಏನೂ ಅಲ್ಲ.

ಈಗಿನ ಸಿನಿಮಾಗಳಲ್ಲಿ ಇನ್ನೊಂದು ತಮಾಷೆ ಉಂಟು. ಮೊದಲು "ನೈಜ ಘಟನೆ ಆಧಾರಿತ" ಎಂದು ದೊಡ್ಡ ಅಕ್ಷರದಲ್ಲಿ ಬರುತ್ತದೆ. ಹಿಂದೆಯೇ ಸಣ್ಣ ಅಕ್ಷರದಲ್ಲಿ, ಇದರ ಪಾತ್ರಗಳು ಯಾರನ್ನಾದರೂ ಹೋಲಿದರೆ ಅದು ಕಾಕತಾಳೀಯ ಎಂದು. ಒಂದೇ ನಿಮಿಷದಲ್ಲಿ ಎರಡೂ. ಹುಡುಗಿ ನೋಡಲು ಬಂದವರು ಹಾಗೆ ಮಾತಾಡಿದರೆ ನಾವು ಚಾ ಕೂಡ ಕೊಡುವುದಿಲ್ಲ.

ಇದರ ಬಿಸಿ ನಮ್ಮ ನೆರೆಯವರಿಗೆ ಚೆನ್ನಾಗಿಯೇ ತಾಗಿದೆ. ನಮ್ಮ ಜಿಲ್ಲೆಯ ಪಾಣತ್ತೂರು ದಾಟಿ ಘಾಟಿ ಹತ್ತಿದರೆ ಕೊಡಗು. ಅಲ್ಲಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೋದವರು ವಾಪಸ್ ಬರಲಿಲ್ಲ. ತಮ್ಮ ಹಳೆಯ ಮಿಸ್ಟೇರ್ ವಿಮಾನದಿಂದಲೇ ಪಾಕಿಸ್ತಾನದ ಅತ್ಯಾಧುನಿಕ ವಿಮಾನ ಸ್ಟಾರ್‌ಫೈಟರನ್ನು ಉರುಳಿಸಿದ್ದರು. ಆದರೆ ಅದನ್ನು ಕಂಡು ಬಂದು ಹೇಳುವವರು ಯಾರೂ ಇರಲಿಲ್ಲ. ಸಂಗತಿ ಹೊರಬಿದ್ದದ್ದು ವರ್ಷಗಳು ಕಳೆದ ಮೇಲೆ, ಅದೂ ಆ ಕಡೆಯವರ ಬಾಯಿಂದ. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷದ ನಂತರ. ಆಮೇಲೆ 2025ರ ಜನವರಿಯಲ್ಲಿ 'ಸ್ಕೈ ಫೋರ್ಸ್' ಸಿನಿಮಾ ಬಂತು. ಸಾಹಸ ಅದೇ, ವಿಮಾನ ಅದೇ. ಪೈಲಟಿನ ಹೆಸರು ಮಾತ್ರ ವಿಜಯ! ಕೊಡಗಿನವರು ಸಿಟ್ಟಾದರು. ಆಗದೆ ಇರುತ್ತಾರಾ? ಅಲ್ಲಿ ಮನೆಹೆಸರು ಬಿಟ್ಟು ಕರೆದರೆ ಆ ಮನುಷ್ಯ ಯಾರೆಂದೇ ಗೊತ್ತಾಗುವುದಿಲ್ಲ. ಸರ್ಕಾರ 23 ವರ್ಷ ತಗೊಂಡರೂ ಸರಿಯಾದ ಹೆಸರಿಗೇ ಪದಕ ಕೊಟ್ಟಿತ್ತು.

ಹಾಗಂತ ನಿಜವನ್ನು ಅವರು ಪೂರಾ ಬಿಟ್ಟುಬಿಡುತ್ತಾರೆ ಅನ್ನಬೇಡಿ. 2024ರಲ್ಲಿ ಮೇಜರ್ ಮುಕುಂದ್ ವರದರಾಜನ್ ಅವರ ಕಥೆಯ ತಮಿಳು ಸಿನಿಮಾದಲ್ಲಿ ನಾಯಕಿಯದೆಂದು ಒಂದು ಫೋನ್ ನಂಬರ್ ತೋರಿಸಿದರು. ಅದು ಚೆನ್ನೈನ ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿಯ ನಂಬರ್ ಆಗಿತ್ತು. ಪಾಪ, ಹಗಲು ರಾತ್ರಿ ಫೋನು. ಹುಡುಗ 1.1 ಕೋಟಿ ಪರಿಹಾರ ಕೇಳಿ ನೋಟಿಸ್ ಕೊಟ್ಟ. ಎಲ್ಲಿ ಸುಳ್ಳು ಬೇಕೋ ಅಲ್ಲಿ ನಿಜ ಹಾಕುವುದೂ ಒಂದು ಕಲೆ.

ಇನ್ನು ನಮ್ಮ ಮಾವನ ವಿಷಯಕ್ಕೆ ಬರುತ್ತೇನೆ. ಊರಲ್ಲಿ ಅವರ ಹೆಸರು ಹಾಳಾಗಿರುವುದು ರಮ್ಮಿನಿಂದ. ಮಾವ ಒಂದು ತೊಟ್ಟು ಕುಡಿಯುವವರಲ್ಲ. ಆದರೆ ಮಿಲಿಟರಿಯವರು ಅಂದ ಮೇಲೆ ಕೋಟಾ ಉಂಟಲ್ಲ! ಊರವರು ಅವರನ್ನು ನಡೆದಾಡುವ ಕ್ಯಾಂಟೀನು ಎಂದೇ ತಿಳಿದಿದ್ದಾರೆ. ಮದುವೆ, ಗೃಹಪ್ರವೇಶ, ಏನೇ ಇದ್ದರೂ ಮೊದಲ ಕರೆಯೋಲೆ ಮಾವನಿಗೆ. ಕರೆಯೋಲೆ ಕೊಟ್ಟು, ಕುಶಲ ವಿಚಾರಿಸಿ, ಹೊರಡುವಾಗ ಮೆಟ್ಟಿಲಲ್ಲಿ ನಿಂತು ಮೆಲ್ಲಗೆ, "ಮತ್ತೆಂತ ಮಾವ, ಎರಡು ಬಾಟ್ಲಿ..." ಕೊಟ್ಟರೆ ಕುಡುಕ, ಕೊಡದಿದ್ದರೆ ಜುಗ್ಗ. ಎರಡೂ ಹೆಸರು ಅವರಿಗೆ ಬಂದಾಗಿದೆ.

ಇಂಥದ್ದು ಇಂಗ್ಲಿಷಿನವರಲ್ಲೂ ನಡೆದಿದೆ. ಹೆನ್ರಿ ಹುಕ್ ಎಂಬ ಸಾಮಾನ್ಯ ಸಿಪಾಯಿ, 1879ರಲ್ಲಿ ದಕ್ಷಿಣ ಆಫ್ರಿಕದ ರೋರ್ಕ್ಸ್ ಡ್ರಿಫ್ಟ್ ಕಾಳಗದಲ್ಲಿ ಉರಿಯುವ ಆಸ್ಪತ್ರೆಯಿಂದ ರೋಗಿಗಳನ್ನು ಉಳಿಸಿ ವಿಕ್ಟೋರಿಯಾ ಕ್ರಾಸ್ ಪಡೆದವನು. ಮದ್ಯ ಮುಟ್ಟದವನು, ಒಳ್ಳೆಯ ನಡತೆಗೆ ಹೆಸರಾದವನು. 1964ರ 'ಜುಲು' ಸಿನಿಮಾದಲ್ಲಿ ಅವನನ್ನು ಕುಡುಕ, ಕೆಲಸಗಳ್ಳ ಮಾಡಿ ತೋರಿಸಿದರು. ಕೆಟ್ಟವನು ಕೊನೆಗೆ ವೀರನಾದರೆ ಕಥೆಗೆ ತಿರುವು ಸಿಗುತ್ತದಲ್ಲ, ಅದಕ್ಕೆ. ಮೊದಲ ಪ್ರದರ್ಶನಕ್ಕೆ ಬಂದಿದ್ದ ಅವನ ವಯಸ್ಸಾದ ಹೆಣ್ಣುಮಕ್ಕಳು ಅರ್ಧದಲ್ಲೇ ಎದ್ದು ಹೋದರಂತೆ. ಇದನ್ನು ಮಾವನಿಗೆ ಹೇಳಿದೆ. "ಅವನಿಗೂ ಕೋಟಾ ಇತ್ತಾ?" ಎಂದು ಕೇಳಿದರು.

ರಮ್ಮು ಬಿಟ್ಟರೆ ಮಾವನ ಇನ್ನೊಂದು ಅಪಕೀರ್ತಿ ನೀರಿನದು. ಗುಡ್ಡದ ಮುರಕಲ್ಲು ಕೊರೆದು ಅವರ ಅಜ್ಜ ತೋಡಿಸಿದ ಸುರಂಗ ಉಂಟು. ಅದರ ನೀರು ಯಾರ ತೋಟಕ್ಕೆ ಎಷ್ಟು ಗಂಟೆ ಎಂಬ ವಿಷಯದಲ್ಲಿ ಅಣ್ಣನ ಹತ್ತಿರ 12 ವರ್ಷದಿಂದ ಮಾತಿಲ್ಲ. ಶತ್ರು ದೇಶದ ಜೊತೆ ಕದನವಿರಾಮ ಆಗಿದೆ, ಅಣ್ಣನ ಜೊತೆ ಆಗಿಲ್ಲ. ನಾಳೆ ಯಾರಾದರೂ ಮಾವನ ಸಿನಿಮಾ ತೆಗೆದರೆ ಮೊದಲು ಕತ್ತರಿ ಬೀಳುವುದು ಈ ಸುರಂಗಕ್ಕೆ. ಅಣ್ಣನೂ ಇರುವುದಿಲ್ಲ. ಇದ್ದರೂ ರೈಲ್ವೆ ಸ್ಟೇಷನಲ್ಲಿ ಕಣ್ಣೀರು ಹಾಕುತ್ತಾ ಕೈ ಬೀಸುತ್ತಾನೆ.

ನಮ್ಮ ತುಳುನಾಡಿನ ಹಳಬರಿಗೆ ಈ ಮಡಿವಂತಿಕೆ ಇರಲಿಲ್ಲ. ಕೋಟಿ ಚೆನ್ನಯರು ಗದ್ದೆಯ ನೀರಿನ ತಕರಾರಿನಲ್ಲಿ ಬುದ್ಯಂತನನ್ನು ಕೊಂದರು ಎಂದು ಪಾಡ್ದನ ನೇರವಾಗಿ ಹಾಡುತ್ತದೆ. ಅದನ್ನು ಕೇಳಿಸಿಕೊಂಡೇ ಜನ ಗರಡಿಯಲ್ಲಿ ಕೈ ಮುಗಿಯುತ್ತಾರೆ. ವೇಷವಿಲ್ಲದೆ ಕೂತು ಮಾತಿನಲ್ಲೇ ಆಡುವ ತಾಳಮದ್ದಳೆಯಲ್ಲಂತೂ ಬಾಣ ತಿಂದು ಬಿದ್ದ ವಾಲಿ ಒಂದು ಗಂಟೆ ರಾಮನನ್ನು ಪ್ರಶ್ನೆ ಕೇಳುತ್ತಾನೆ. ರಾಮ ಕೂತು ಕೇಳಿ ಉತ್ತರ ಕೊಡಬೇಕು. ಚಾ ಅಂಗಡಿಯಲ್ಲಿ ಮರುದಿನ ಯಾರು ಗೆದ್ದದ್ದು ಎಂದು ಚರ್ಚೆ. ಲೋಂಗೆವಾಲಾದ್ದೂ ಒಳ್ಳೆಯ ಪ್ರಸಂಗವೇ. ಗೆಲ್ಲಿಸಿದ್ದು ನಮ್ಮ ವಿಮಾನ, ನೆಲದಲ್ಲಿ ಹೇಳುವಂಥ ಯುದ್ಧವೇ ಆಗಲಿಲ್ಲ ಎಂದು ನಿವೃತ್ತ ಅಧಿಕಾರಿಗಳು ಕೆಲವರು ವಾದಿಸಿದರು. ಆ ಠಾಣೆಯನ್ನು ಮುನ್ನಡೆಸಿ ಮಹಾವೀರ ಚಕ್ರ ಪಡೆದ ಮೇಜರ್ ಕುಲದೀಪ್ ಸಿಂಗ್ ಚಾಂದಪುರಿ ಕೋರ್ಟಿಗೆ ಹೋಗಿ ಒಂದು ರೂಪಾಯಿ ಮಾನನಷ್ಟ ಕೇಳಿದರು. ಎರಡು ಕಡೆಗೂ ಒಳ್ಳೆಯ ಅರ್ಥಧಾರಿಗಳನ್ನು ಕೂರಿಸಿದರೆ ಬೆಳಗಿನವರೆಗೆ ಎಳೆಯಬಹುದು. ಸಿನಿಮಾದಲ್ಲಿ ಹಾಗಲ್ಲ. ಅಲ್ಲಿ ಒಬ್ಬನೇ ಅರ್ಥ ಹೇಳುವುದು, ಅದೂ ಕಿರುಚಿ.

ಸನ್ಮಾನದ ದಿನ ಸಭೆಗೆ ಬೇಕಾಗಿದ್ದದ್ದೂ ಅದೇ. ಶಾಲು ಹೊದೆಸಿ, ಬಾಳೆಹಣ್ಣಿನ ತಟ್ಟೆ ಕೊಟ್ಟು, ಮೈಕು ಕೈಗಿಟ್ಟರು. ಹಿಂದಿನ ಸಾಲಿನ ಹುಡುಗರು ಮೊಬೈಲ್ ಎತ್ತಿ ಹಿಡಿದು ರೆಡಿಯಾದರು. ಮಾವ ಶುರುಮಾಡಿದರು. ತಾನು ಆರ್ಮಿ ಸರ್ವಿಸ್ ಕೋರಿನಲ್ಲಿ ಡ್ರೈವರ್. ಕಾರ್ಗಿಲ್ ಸಮಯದಲ್ಲಿ ಶ್ರೀನಗರದಿಂದ ಲೇಹ್ ರಸ್ತೆಯಲ್ಲಿ ಲಾರಿ ಓಡಿಸಿದ್ದು. ಬಟಾಟೆ, ಸೀಮೆಎಣ್ಣೆ, ಕೆಲವೊಮ್ಮೆ ಶೆಲ್ಲು. ದ್ರಾಸಿನ ಹತ್ತಿರ ರಸ್ತೆ ಮೇಲಿನ ಗುಡ್ಡದಲ್ಲಿ ಕೂತವರಿಗೆ ಕಾಣುತ್ತಿತ್ತು, ಅದಕ್ಕೇ ರಾತ್ರಿ ಲೈಟ್ ಹಾಕದೆ ಹೋಗಬೇಕು. ಮುಂದಿನ ಲಾರಿ ಎಷ್ಟು ದೂರ ಉಂಟೆಂದು ವಾಸನೆಯಲ್ಲೇ ತಿಳಿಯಬೇಕು.

"ಎಷ್ಟು ಜನರನ್ನು ಹೊಡೆದಿರಿ ಮಾವ?" ಎಂದು ಒಬ್ಬ ಕೂಗಿದ.

ಮಾವ ಸ್ವಲ್ಪ ಯೋಚಿಸಿದರು. "ಜನರನ್ನು ಇಲ್ಲ. ಒಂದು ಲಾರಿಗೆ ಹಿಂದಿನಿಂದ ಹೊಡೆದೆ. ಅದು ನಮ್ಮದೇ. ವಿಚಾರಣೆ ಆಯ್ತು."

ಮೊಬೈಲುಗಳು ಒಂದೊಂದಾಗಿ ಕೆಳಗಿಳಿದವು. ಅಧ್ಯಕ್ಷರು ಸಮಯದ ಅಭಾವ ಎಂದರು. ಕೂಡಲೇ ಯಾವುದೋ ಸಿನಿಮಾದ ದೇಶಭಕ್ತಿ ಹಾಡು ಹಾಕಿದರು, ಸಭೆಗೆ ಜೀವ ಬಂತು.

ನಮ್ಮ ಕೇರಳದ ಮೋಹನ್‌ಲಾಲ್ ಅವರಿಗೆ 2009ರಲ್ಲಿ ಟೆರಿಟೋರಿಯಲ್ ಆರ್ಮಿ ಗೌರವ ಲೆಫ್ಟಿನೆಂಟ್ ಕರ್ನಲ್ ಹುದ್ದೆ ಕೊಟ್ಟಿತು. ಒಳ್ಳೆಯ ನಟ, ನನಗೂ ಇಷ್ಟ. ಸೈನಿಕನ ಪಾತ್ರ ಚೆನ್ನಾಗಿ ಮಾಡಿದ್ದಾರೆ. ಮಾವ ಆ ಪಾತ್ರವನ್ನು 24 ವರ್ಷ ಮಾಡಿ ಹವಾಲ್ದಾರ್ ಆದರು. ದಾರಿಯಲ್ಲಿ ಎದುರಾದರೆ ಸಲ್ಯೂಟ್ ಹೊಡೆಯಬೇಕಾದವರು ಯಾರು ಎಂದು ಕೇಳಿದೆ. "ನಾನೇ. ರ‍್ಯಾಂಕ್ ರ‍್ಯಾಂಕೇ ಅಲ್ವಾ" ಎಂದರು, ಏನೂ ಬೇಜಾರಿಲ್ಲದೆ.

ಅಂದಹಾಗೆ ನಮಗೆ ಗಡಿ ಅಂದ್ರೆ ಕೇರಳ-ಕರ್ನಾಟಕದ ನಡುವಿನ ತಲಪಾಡಿ. 2020ರ ಮಾರ್ಚಿನಲ್ಲಿ, ಕೊರೊನಾ ಕಾಲದಲ್ಲಿ, ಗಡಿಯ ರಸ್ತೆಗಳಿಗೆ ಮಣ್ಣು ಸುರಿದಾಗ ಮಂಗಳೂರಿನ ಆಸ್ಪತ್ರೆಗೆ ಹೋಗಬೇಕಾದವರು ಈಚೆಯೇ ಉಳಿದರು. ಎರಡೂ ಕಡೆ ನಮ್ಮವರೇ ಇದ್ದದ್ದರಿಂದ ವಿಲನ್ ಯಾರೆಂದು ಗೊತ್ತಾಗುವುದಿಲ್ಲ. ಸಿನಿಮಾಕ್ಕೆ ಆಗದ ಗಡಿ.

ಕಾರ್ಯಕ್ರಮ ಮುಗಿದ ಮೇಲೆ ಮಳೆ ಸ್ವಲ್ಪ ಬಿಟ್ಟಿತ್ತು. ಹುಡುಗರು ಫ್ಲೆಕ್ಸ್ ಬಿಚ್ಚುತ್ತಿದ್ದರು. ಮಾವ ಹತ್ತಿರ ಹೋಗಿ, "ಅದು ಯಾರಿಗಾದರೂ ಬೇಕಾ?" ಎಂದು ಕೇಳಿದರು. ಕಾರ್ಯದರ್ಶಿಗೆ ಖುಷಿಯಾಯಿತು. "ನೆನಪಿಗೆ ಇಟ್ಟುಕೊಳ್ಳಿ ಮಾವ, ನಿಮ್ಮ ಫೋಟೋ ಉಂಟಲ್ಲ" ಎಂದು ತಾನೇ ಸುರುಳಿ ಸುತ್ತಿ ಕೊಟ್ಟ. ಜೊತೆಗೆ ದನಿ ತಗ್ಗಿಸಿ, ಸೋಣ ತಿಂಗಳಲ್ಲಿ ತಂಗಿಯ ಮನೆ ಒಕ್ಕಲು, ಎರಡು ಬಾಟ್ಲಿ ಆದೀತಾ ಎಂದೂ ಕೇಳಿದ.

ಮರುದಿನ ಅವರ ಮನೆ ಕಡೆ ಹೋದೆ. ಹಟ್ಟಿಯ ಬದಿಯಲ್ಲಿ ಕಟ್ಟಿಗೆಯ ರಾಶಿ. ಮಾವ ಅದರ ಮೇಲೆ ಫ್ಲೆಕ್ಸ್ ಹರಡಿ, ನಾಲ್ಕು ಮೂಲೆಗೂ ಮುರಕಲ್ಲು ಇಡುತ್ತಿದ್ದರು. ಹೀರೋ ಎಲ್ಲಿ ಎಂದು ನೋಡಿದೆ. ಬಿಳಿಯ ಬೆನ್ನು ಮಾತ್ರ ಕಾಣುತ್ತಿತ್ತು.

"ಮುಖ ಕೆಳಗೆ ಹಾಕಿದೆ" ಎಂದರು ಮಾವ, ಕೊನೆಯ ಕಲ್ಲನ್ನು ಒತ್ತಿ ಕೂರಿಸುತ್ತಾ. "ಬಣ್ಣದ ಬದಿಯಲ್ಲಿ ನೀರು ನಿಲ್ಲುತ್ತೆ."